ಮೊದಲ ವೀಳ್ಯ ಯಾವ ಬಟನ್ನಿಗೆ

ಭೀಮಕ್ಕನಿಗೆ ನಿಂತುಕೊಂಡೇ ನಿದ್ದೆ ಮಾಡಲು ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ನ್ಯಾಮತಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ಚನ್ನಗಿರಿಗೆ ಇನ್ನೊಂದು, ಸಂಜೆ ಅದೇ ದಾರಿ ಹಿಂದಕ್ಕೆ. ವರ್ಷಗಟ್ಟಲೆ ಹೀಗೆ ಓಡಾಡಿದವರಿಗೆ ತಾನಾಗಿ ಬರುವ ವಿದ್ಯೆ ಅದು. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈ ಬುತ್ತಿಯ ಚೀಲದ ಮೇಲೆ. ಕಣ್ಣು ಪೂರ್ತಿ ಮುಚ್ಚಿದ್ದರೂ ಮುಖದಲ್ಲಿ ಮಾತ್ರ ದೇಶದ ಆಗುಹೋಗು ಯೋಚಿಸುತ್ತಿರುವವರ ಗಾಂಭೀರ್ಯ. ಕಂಡಕ್ಟರು ಆಕೆಯ ಪಾಸನ್ನು ನೋಡಿದಂತೆ ಮಾಡಿ ಮುಂದೆ ಹೋಗುತ್ತಿದ್ದ. ಸಂಜೆ ಹೊನ್ನಾಳಿ ಸೇತುವೆಯ ಮೇಲೆ ಬಸ್ಸಿನ ಸದ್ದು ಬದಲಾದಾಗ ಒಂದು ಕಣ್ಣು ತೆರೆಯುತ್ತಿತ್ತು. ಇಳಿಯಬೇಕಲ್ಲ.

ಮಧ್ಯಾಹ್ನದ ಬುತ್ತಿಯನ್ನು ಆಕೆ ಉಣ್ಣುತ್ತಿದ್ದುದೂ ಈ ಸಂಜೆಯ ಬಸ್ಸಿನಲ್ಲೇ, ಅದೂ ಸೀಟು ಸಿಕ್ಕರೆ. ಬೆಳಗಿನ ಜಾವ ತಟ್ಟಿದ ಜೋಳದ ರೊಟ್ಟಿ ಅಷ್ಟು ಹೊತ್ತಿಗೆ ರಟ್ಟಾಗಿರುತ್ತಿತ್ತು. ಅಲುಗಾಡುವ ರೊಟ್ಟಿಯನ್ನು ಅಲುಗಾಡುವ ಕೈಯಿಂದ ಅಲುಗಾಡುವ ಬಾಯಿಗೆ ಸೇರಿಸುವುದು, ಅದರ ನಡುವೆ ಪುಂಡಿಪಲ್ಯ ಪಕ್ಕದವರ ಪಂಚೆಗೆ ಬೀಳದಂತೆ ನೋಡಿಕೊಳ್ಳುವುದು, ಎಲ್ಲ ಅಭ್ಯಾಸವಾಗಿತ್ತು. ಆಕೆಗೆ ದೊಡ್ಡ ಆಸೆಗಳಿರಲಿಲ್ಲ. ಮಧ್ಯಾಹ್ನದ ಊಟವನ್ನು ಮಧ್ಯಾಹ್ನವೇ, ನ್ಯಾಮತಿಯ ತನ್ನ ಮನೆಯಲ್ಲಿ, ನೆಲದ ಮೇಲೆ ಕೂತು ಉಣ್ಣಬೇಕು ಎನ್ನುವುದೊಂದೇ.

ಅದಕ್ಕೆ ಅಡ್ಡ ಬಂದದ್ದು ಕಂಪ್ಯೂಟರ್.

ಆಕೆ ಚನ್ನಗಿರಿಯ ನಮ್ಮ ಬೆಳೆಗಾರರ ಮಾರಾಟ ಸಂಘದ ಟೈಪಿಸ್ಟ್. ಎಂಬತ್ತೇಳನೇ ಇಸವಿಯಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದಾಗ, ಟೈಪ್‌ರೈಟರಿಗೂ ಬಟನ್ ಇದೆ, ಇದಕ್ಕೂ ಬಟನ್ ಇದೆ, ಆದ್ದರಿಂದ ಎರಡೂ ಒಂದೇ ಎಂದು ಆಡಳಿತ ಮಂಡಳಿ ಕೂಲಂಕಷವಾಗಿ ಚರ್ಚಿಸಿ ಅದನ್ನು ಆಕೆಯ ಕೊರಳಿಗೆ ಕಟ್ಟಿತು. ದಾವಣಗೆರೆಯಲ್ಲಿ ಕೆಲವು ದಿನ ತರಬೇತಿಯೂ ಆಯಿತು. ಅಲ್ಲಿಂದ ಆಕೆ ಹೊತ್ತು ತಂದ ಜ್ಞಾನದ ಸಾರ ಇಷ್ಟು: ಯಂತ್ರ ಹಟ ಮಾಡಿದರೆ ಆರಿಸಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹಾಕಬೇಕು.

ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ ಆಯಿತು. ತಂಪು ಗಾಳಿಯ ಪೆಟ್ಟಿಗೆ, ಬಾಗಿಲಿಗೆ ಪರದೆ, ಹೊರಗೆ ಚಪ್ಪಲಿ ಬಿಡುವ ಜಾಗ. ಅಧ್ಯಕ್ಷ ನಾಗೇಂದ್ರಪ್ಪನವರು ಮೊದಲ ದಿನ ಪೂಜೆ ಮಾಡಿ, ಕಾಯಿ ಒಡೆದು, ಕಂಪ್ಯೂಟರ್ ಪರದೆಯ ಗಾಜಿನ ನಟ್ಟನಡುವೆ ದೊಡ್ಡದೊಂದು ಕುಂಕುಮದ ಬೊಟ್ಟು ಇಟ್ಟರು. ಅದನ್ನು ಒರೆಸುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಭೀಮಕ್ಕ ಬೊಟ್ಟಿನ ಹಿಂದೆ ಅಡಗಿದ ಅಂಕಿ ಓದಲು ಕತ್ತು ಓರೆ ಮಾಡಿ ಕೂರುತ್ತಿದ್ದಳು. ಬಸ್ಸಿನಲ್ಲಿ ಸೊಂಟ ಹೋಗಿತ್ತು, ಇಲ್ಲಿ ಕತ್ತು ಹೋಯಿತು.

ಇಷ್ಟರಲ್ಲೇ ನಿಂತಿದ್ದರೂ ಆಗುತ್ತಿತ್ತು. ಆದರೆ ಸಂಘದಲ್ಲಿ ದೊಡ್ಡ ಮನುಷ್ಯರು ಇಬ್ಬರಿದ್ದರು. ಕೆರೆಬಿಳಚಿಯ ನಾಗೇಂದ್ರಪ್ಪನವರು ಚುನಾವಣೆಯಲ್ಲಿ ಗೆದ್ದು ಬಂದ ಅಧ್ಯಕ್ಷರು. ಅಡಿಕೆಯ ತೂಕ, ಟೆಂಡರು, ಮಾರಾಟ ಎಲ್ಲ ತಮ್ಮ ಕೈಯಲ್ಲಿದೆ ಎಂದುಕೊಂಡವರು. ಸಂತೇಬೆನ್ನೂರಿನ ಕಲ್ಲೇಶಪ್ಪನವರು ಸಂಘದ ಕಾರ್ಯದರ್ಶಿ. ಅಧ್ಯಕ್ಷರು ಬರುತ್ತಾರೆ ಹೋಗುತ್ತಾರೆ, ಸಾಲದ ವಿಭಾಗ ಮತ್ತು ತಾವು ಮಾತ್ರ ಶಾಶ್ವತ ಎಂದುಕೊಂಡವರು. ಮಾರಾಟದ ಕೆಲಸಕ್ಕೆ ಬಂದ ಪ್ರೋಗ್ರಾಮು ಡಾಸ್ ಎಂಬ ವ್ಯವಸ್ಥೆಯ ಮೇಲೆ ಓಡುತ್ತಿತ್ತು. ಸಾಲದ ಕೆಲಸಕ್ಕೆ ಮೇಲಿನವರು ಕಳಿಸಿದ್ದು ಯುನಿಕ್ಸ್ ಎಂಬ ಇನ್ನೊಂದರ ಮೇಲೆ. ಕಂಪ್ಯೂಟರ್ ಒಂದೇ.

ತಿಳಿಯದವರಿಗೆ ಹೇಳಬೇಕೆಂದರೆ, ಈ ವ್ಯವಸ್ಥೆ ಅನ್ನುವುದು ಯಂತ್ರದೊಳಗಿನ ಯಜಮಾನ. ಸ್ವಿಚ್ ಹಾಕಿದ ಕೂಡಲೇ ಆತ ಎದ್ದು ಕೂತರೆ ಮಾತ್ರ ಉಳಿದ ಆಳುಕಾಳು ಕೆಲಸಕ್ಕೆ ಇಳಿಯುತ್ತವೆ. ನಮ್ಮ ಪೆಟ್ಟಿಗೆಯಲ್ಲಿ ಡಿಸ್ಕನ್ನು ಎರಡು ಪಾಲು ಮಾಡಿ ಇಬ್ಬರು ಯಜಮಾನರನ್ನು ಮಲಗಿಸಿದ್ದರು. ಇಬ್ಬರೂ ಒಟ್ಟಿಗೆ ಏಳುವಂತಿಲ್ಲ. ಒಬ್ಬ ಎದ್ದಿದ್ದರೆ ಇನ್ನೊಬ್ಬ ಸತ್ತಂತೆ ಬಿದ್ದಿರಬೇಕು. ಬದಲಾಯಿಸಬೇಕಾದರೆ ಭೀಮಕ್ಕ ಒಂದು ಫ್ಲಾಪಿ ತೂರಿಸಿ, ಈ ಸಲ ಯಾವ ಪಾಲಿನವನು ಏಳಬೇಕೆಂದು ಗುರುತು ಹಾಕಿ, ಯಂತ್ರ ಆರಿಸಿ, ಮತ್ತೆ ಹಾಕಿ, ಕಾಯಬೇಕು. ಆ ಗುರುತು ಹಾಕುವುದು ಆಕೆಯೊಬ್ಬಳಿಗೇ ಗೊತ್ತು. ಏಕೆ ಹಾಗೆ ಮಾಡಬೇಕು ಎನ್ನುವುದು ಆಕೆಗೂ ಗೊತ್ತಿರಲಿಲ್ಲ.

"ಭೀಮಕ್ಕ, ತೂಕದ್ದು ಎಬ್ಬಿಸ್ರಿ, ಲಾರಿ ಬಂದೈತೆ!" ಎಂದು ಅಧ್ಯಕ್ಷರು ಒಂದು ಕಡೆಯಿಂದ.

"ಭೀಮಕ್ಕ, ಅದನ್ನ ಮಲಗಿಸಿ ನಮ್ದು ಎಬ್ಬಿಸ್ರಿ, ರೈತ್ರು ಕಾಯ್ತಾವ್ರೆ!" ಎಂದು ಕಾರ್ಯದರ್ಶಿಗಳು ಇನ್ನೊಂದು ಕಡೆಯಿಂದ.

ಹೀಗೆ ದಿನವೆಲ್ಲ ಇಬ್ಬರು ಯಜಮಾನರನ್ನು ಎಬ್ಬಿಸಿ ಮಲಗಿಸುವುದರಲ್ಲಿ ಆಕೆಯ ಊಟದ ಹೊತ್ತು ಹೋಗುತ್ತಿತ್ತು. ಒಮ್ಮೆ ಜ್ವರ ಬಂದು ಮನೆಯಲ್ಲಿ ಮಲಗಿದಾಗ ಸಂಘದ ಜೀಪು ನ್ಯಾಮತಿಗೆ ಹೋಗಿ ಕಂಬಳಿ ಸಮೇತ ಕರೆತಂದಿತ್ತು. ಅಷ್ಟು ಮರ್ಯಾದೆ ಸಂಘದಲ್ಲಿ ಇನ್ಯಾರಿಗೂ ಸಿಕ್ಕಿದ್ದಿಲ್ಲ ಎಂದು ಕಲ್ಲೇಶಪ್ಪನವರು ಬಹಳ ದಿನ ಹೇಳುತ್ತಿದ್ದರು.

ಎಂಬತ್ತೆಂಟರಲ್ಲಿ ನ್ಯಾಮತಿ ಶಾಖೆಯ ಹಾಲಸ್ವಾಮಿ ನಿವೃತ್ತಿಗೆ ಬಂದರು. ಭೀಮಕ್ಕ ಆ ಜಾಗ ಕೇಳಿದಳು. ಅದೇ ಜಾಗವನ್ನು ಜಗಳೂರಿನ ಶೇಂಗಾ ಖರೀದಿ ಕೇಂದ್ರದ ಓಬಣ್ಣನೂ ಕೇಳಿದ್ದ. ಜಗಳೂರು ನಮ್ಮ ಜಿಲ್ಲೆಯೂ ಅಲ್ಲ. ಅಲ್ಲಿಗೆ ಕಳಿಸಿದರೆ ಸಂಘದಲ್ಲಿ ಅದನ್ನು ವರ್ಗಾವಣೆ ಅನ್ನುತ್ತಿರಲಿಲ್ಲ, ಬುದ್ಧಿ ಕಲಿಸುವುದು ಅನ್ನುತ್ತಿದ್ದರು. ಓಬಣ್ಣ ಬುದ್ಧಿ ಕಲಿತು ಬಹಳ ಕಾಲವಾಗಿತ್ತು.

"ನೀವು ಹೋದ್ರೆ ಇದನ್ನ ಎಬ್ಬಿಸೋರು ಯಾರ್ರಿ?" ಎಂದರು ನಾಗೇಂದ್ರಪ್ಪ.

"ಅದೇ ನಾನೂ ಕೇಳೋದು," ಎಂದರು ಕಲ್ಲೇಶಪ್ಪ. ಆ ಇಬ್ಬರು ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು.

"ನಾನಿಲ್ದೇನೆ ಏಳೋ ಹಂಗೆ ಮಾಡಿಸಿಕೊಟ್ರೆ?" ಎಂದಳು ಭೀಮಕ್ಕ.

ಕೊನೆಗೆ ಷರತ್ತು ಹೀಗೆ ತೀರ್ಮಾನವಾಯಿತು: ತಿಂಗಳ ಕೊನೆಯೊಳಗೆ, ಭೀಮಕ್ಕ ಕೈ ಹಚ್ಚದೆ, ಯಾರು ಬೇಕಾದರೂ ಯಂತ್ರ ಎಬ್ಬಿಸುವಂತಾದರೆ ನ್ಯಾಮತಿ ಭೀಮಕ್ಕನಿಗೆ. ಇಲ್ಲವಾದರೆ ಓಬಣ್ಣನಿಗೆ.

ದಾವಣಗೆರೆಯಿಂದ ಬೆನಕಪ್ಪ ಬಂದ. ಕಂಪ್ಯೂಟರ್ ರಿಪೇರಿಯವನು. ಮೂರು ಜಿಲ್ಲೆಯ ಕಂಪ್ಯೂಟರುಗಳೆಲ್ಲ ತನ್ನೊಬ್ಬನ ಮೇಲೇ ಬಿದ್ದಿವೆ ಎನ್ನುವ ಮುಖ ಹೊತ್ತವನು. ಭೀಮಕ್ಕನನ್ನು ನೋಡಿ ಆಕಳಿಸಿದ, ಆಕೆಯೂ ಆಕಳಿಸಿದಳು. ಇಬ್ಬರಿಗೂ ಪರಿಚಯ ಬೇಕಾಗಲಿಲ್ಲ.

"ಇದೇನು ದೊಡ್ಡ ಕೆಲ್ಸ ಅಲ್ಲ ಬಿಡ್ರಿ," ಎಂದ. "ಸಣ್ಣದೊಂದು ಪ್ರೋಗ್ರಾಮ್ ಕೂರಿಸ್ತೀನಿ. ಸ್ವಿಚ್ ಹಾಕಿದ ಕೂಡ್ಲೇ ಅದೇ ಕೇಳ್ತೈತೆ, ಒಂದಾ ಎರಡಾ ಅಂತ. ಒಂದು ಒತ್ತಿದ್ರೆ ತೂಕದ್ದು, ಎರಡು ಒತ್ತಿದ್ರೆ ಸಾಲದ್ದು. ಯಾರೂ ಒತ್ತಲಿಲ್ಲ ಅಂದ್ರೆ ಸ್ವಲ್ಪ ಕಾದು, ತಾನೇ ಒಂದನೇದಕ್ಕೆ ಹೋಗ್ತೈತೆ."

"ಒಂದನೇದು ಯಾರ್ದು ಅಂದಿ?" ಎಂದು ಕಲ್ಲೇಶಪ್ಪ ಕನ್ನಡಕ ತೆಗೆದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಚಪ್ಪರದ ಕೆಳಗೆ ವೀಳ್ಯ ಕೊಡುತ್ತಾರೆ. ಎರಡು ಎಲೆ, ಒಂದು ಅಡಿಕೆ, ಅಷ್ಟೇ. ಮನೆಯಲ್ಲಿ ಮೂಟೆಗಟ್ಟಲೆ ಅಡಿಕೆ ಇಟ್ಟುಕೊಂಡವರು ಆ ಒಂದಕ್ಕೆ ಕತ್ತು ಉದ್ದ ಮಾಡಿ ಕೂರುತ್ತಾರೆ. ಯಾಕೆಂದರೆ ಯಾರ ಹೆಸರನ್ನು ಮೊದಲು ಕೂಗಿದರು ಎನ್ನುವುದರ ಮೇಲೆ ಊರು, ಮನೆತನ, ತಾತ ಮುತ್ತಾತರ ಮಾನ ಎಲ್ಲ ನಿಂತಿರುತ್ತದೆ. ಎಷ್ಟೋ ವರ್ಷದ ಕೆಳಗೆ ಸಂತೇಬೆನ್ನೂರಿನ ಒಂದು ಮದುವೆಯಲ್ಲಿ ಕಲ್ಲೇಶಪ್ಪನವರ ಮನೆತನದ ವೀಳ್ಯ ಮೊದಲು ಕೂಗಿ, ನಾಗೇಂದ್ರಪ್ಪನವರದು ಆಮೇಲೆ ಕೂಗಿದ್ದರು. ನಾಗೇಂದ್ರಪ್ಪನವರು ವೀಳ್ಯ ಮುಟ್ಟದೆ, ಊಟ ಮಾಡದೆ, ಬಿಸಿಲಲ್ಲಿ ಕೆರೆಬಿಳಚಿಗೆ ನಡೆದುಬಿಟ್ಟರು. ಆ ಹಸಿವು ಅವರಿಗೆ ಇನ್ನೂ ಹಿಂಗಿರಲಿಲ್ಲ.

ಹಾಗಾಗಿ ಬೆನಕಪ್ಪ ಒಂದು ಎರಡು ಎಂದದ್ದೇ ತಡ, ಕಂಪ್ಯೂಟರ್ ಕೋಣೆ ಮದುವೆ ಚಪ್ಪರವಾಯಿತು.

"ಸಂಘ ಹುಟ್ಟಿದ್ದೇ ಮಾರಾಟಕ್ಕೆ. ಮೊದ್ಲು ನಮ್ದೇ," ಎಂದರು ನಾಗೇಂದ್ರಪ್ಪ.

"ಸಾಲ ಕೊಡ್ದಿದ್ರೆ ಬೆಳೆ ಎಲ್ಲಿಂದ ಬರ್ತೈತ್ರಿ? ಬೆಳೆ ಇಲ್ದೆ ಏನ್ ಮಾರ್ತೀರಿ, ಚೀಲಾನಾ?" ಎಂದರು ಕಲ್ಲೇಶಪ್ಪ.

"ಸಾರ್, ಇದು ಬರೀ ಬಟನ್ ಒತ್ತೋದು..." ಎಂದು ಬೆನಕಪ್ಪ ಬಾಯಿ ತೆರೆದ.

"ನೀನು ಸುಮ್ಕಿರಪ್ಪ. ನಿಂಗೆ ಮದುವೆ ಆಗೈತಾ?" ಎಂದರು ಕಲ್ಲೇಶಪ್ಪ.

"ಇನ್ನೂ ಇಲ್ಲ ಸಾರ್."

"ಮತ್ತೆ ನಿಂಗೆಲ್ಲಿಂದ ಗೊತ್ತಾಗ್ಬೇಕು."

ಹೆಸರುಗಳನ್ನು ಮೇಲೆ ಕೆಳಗೆ ಬರೆಯದೆ ಅಕ್ಕಪಕ್ಕ ಬರೆಯೋಣ ಎಂದು ಒಬ್ಬ ನಿರ್ದೇಶಕರು ಸೂಚಿಸಿದರು. ಬಲಗಡೆ ಯಾರದು ಎಂದು ಮತ್ತೆ ಶುರುವಾಯಿತು. ಒಂದು ದಿನ ಇವರದು, ಒಂದು ದಿನ ಅವರದು ಎಂದು ಇನ್ನೊಬ್ಬರು. ಹಾಗಾದರೆ ಸೋಮವಾರ ಯಾರದು ಎಂಬಲ್ಲಿ ಅದೂ ಬಿದ್ದಿತು. ಮೂರು ಸಭೆ ನಡೆದವು. ಮಂಡಕ್ಕಿ ಮೆಣಸಿನಕಾಯಿ ತಿಂದು ತಿಂದು ನಿರ್ದೇಶಕರಿಗೆ ಹುಳಿತೇಗು ಬಂತು. ಬೆನಕಪ್ಪ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಬಿದ್ದುಕೊಂಡು ಮೂರು ಜಿಲ್ಲೆಯ ಬೇರೆ ಕಂಪ್ಯೂಟರುಗಳನ್ನು ಮರೆತ. ತಿಂಗಳು ಮುಗಿಯುತ್ತಾ ಬಂತು. ಜಗಳೂರಿನಲ್ಲಿ ಓಬಣ್ಣ ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದಾನೆಂಬ ಸುದ್ದಿ ಬಂತು.

ಭೀಮಕ್ಕನ ಕೇರಿಗೆ ವೀಳ್ಯದ ಸರದಿ ಬರುವಷ್ಟರಲ್ಲಿ ಎಲೆ ಬಾಡಿರುತ್ತಿತ್ತು, ಕೆಲವು ಮದುವೆಗಳಲ್ಲಿ ಎಲೆಯೇ ಮುಗಿದಿರುತ್ತಿತ್ತು. ಆದರೆ ಚಪ್ಪರದ ಆಚೆ ನಿಂತವರಿಗೆ ಒಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ. ನಾಲ್ಕನೇ ಸಭೆಯ ಬಾಗಿಲಲ್ಲಿ ನಿಂತು ಆಕೆ ಹೇಳಿದಳು:

"ಸಾರ್, ಜಗಳ ಬಿದ್ದ ಮದುವೇಲಿ ಏನ್ ಮಾಡ್ತಾರೆ? ಎರಡು ತಟ್ಟೆ ತರ್ತಾರೆ. ಇಬ್ರು ಹಿಡ್ಕಂಡು ಒಂದೇ ಕಿತ ಇಬ್ರ ಮುಂದೆ ಚಾಚ್ತಾರೆ. ಹಂಗೇ ಮಾಡಾಣ."

ನಂಬರು ಬೇಡ, ಹೆಸರೂ ಬೇಡ. ಬಟನ್ನುಗಳ ಒಂದೇ ಸಾಲಿನ ಎರಡು ತುದಿಯಲ್ಲಿ ಒಂದಕ್ಕೆ ಕೆಂಪು ಕಾಗದ, ಒಂದಕ್ಕೆ ಬಿಳಿ ಕಾಗದ. ಕೆಂಪು ಮಾರಾಟಕ್ಕೆ, ಬಿಳಿ ಸಾಲಕ್ಕೆ. ಒಂದೇ ಪಂಕ್ತಿ.

"ಬಲಗಡೆ?" ಎಂದರು ಇಬ್ಬರೂ ಒಟ್ಟಿಗೆ.

"ಕೂತೋರ ಬಲಕ್ಕೆ ಅಧ್ಯಕ್ಷರದು. ಕಂಪ್ಯೂಟರಿನ ಬಲಕ್ಕೆ ಸೆಕ್ರೆಟ್ರಿ ಸಾಹೇಬ್ರದು. ಅದು ನಮ್ಮ ಕಡೆ ಮುಖ ಮಾಡ್ಕಂಡು ಕೂತೈತಲ್ಲ."

ಇಬ್ಬರೂ ಬಹಳ ಹೊತ್ತು ಯೋಚಿಸಿದರು. ಇಬ್ಬರಿಗೂ ತಾವೇ ಗೆದ್ದಂತೆ ಕಂಡಿತು.

"ಆದ್ರೆ ಆ ತಾನೇ ಹೋಗೋದು ಐತಲ್ಲ, ಅದು ಬ್ಯಾಡ," ಎಂದರು ಕಲ್ಲೇಶಪ್ಪ ಬೆನಕಪ್ಪನಿಗೆ. "ಯಾರೂ ಒತ್ತದಿದ್ದಾಗ ಯಾರ್ದು ಏಳ್ತೈತೋ ಅವ್ರೇ ಹಿರೇರು ಅಂದಂಗಾತು."

"ಅದು ತೆಗೆದ್ರೆ, ಒತ್ತೋ ತನಕ ಕಾಯ್ತಾನೇ ಇರ್ತೈತೆ ಸಾರ್."

"ಕಾಯ್ಲಿ. ಮದುವೆ ಮನೇಲಿ ಕಾಯಾಕಿಲ್ವಾ ಜನ?"

ಬೆನಕಪ್ಪ ಹೇಳಿದಂತೆ ಮಾಡಿ, ದಾವಣಗೆರೆ ಬಸ್ಸು ಹತ್ತಿ, ಹಿಂದಿರುಗಿ ನೋಡಲಿಲ್ಲ.

ತಿಂಗಳ ಕೊನೆಯ ದಿನ ಹೊಸ ಏರ್ಪಾಟಿನ ಉದ್ಘಾಟನೆ. ಕಾಯಿ, ಊದುಬತ್ತಿ, ಪರದೆಯ ಮೇಲೆ ಹಳೆಯ ಬೊಟ್ಟಿನ ಪಕ್ಕ ಹೊಸದೊಂದು ಬೊಟ್ಟು. ವರ್ಗಾವಣೆಯ ಆದೇಶವನ್ನು ಭೀಮಕ್ಕ ತಾನೇ ಟೈಪ್ ಮಾಡಿ ಮೇಜಿನ ಮೇಲೆ ಇಟ್ಟಿದ್ದಳು, ಸಹಿ ಮಾತ್ರ ಬಾಕಿ. ಹೊರಗೆ ರೈತರು ಅಡಿಕೆ ಚೀಲದ ಮೇಲೆ ಕೂತಿದ್ದರು. ಭೀಮಕ್ಕ ದೂರದ ಸ್ಟೂಲಿನ ಮೇಲೆ, ಎರಡೂ ಕೈ ಸೆರಗಿನೊಳಗೆ ಸೇರಿಸಿ ಕೂತಳು. ಮುಟ್ಟಿದರೆ ನ್ಯಾಮತಿ ಹೋಯಿತು.

ಸ್ವಿಚ್ ಹಾಕಿದರು. ಪರದೆ ಬೆಳಗಿತು. ಎರಡು ಬೊಟ್ಟಿನ ನಡುವೆ ಸಣ್ಣದೊಂದು ಗೆರೆ ಮಿನುಗುತ್ತಾ, ಒತ್ತುವವರನ್ನು ಕಾಯುತ್ತಾ ನಿಂತಿತು.

ಆಗ ಯಾರೂ ನೆನೆಸದ ಸಂಗತಿ ನಡೆಯಿತು. ಎರಡೂ ಒಟ್ಟಿಗೆ ಒತ್ತಿದರೆ ಯಂತ್ರ ಒಪ್ಪುವುದಿಲ್ಲ ಎಂದು ಬೆನಕಪ್ಪ ಹೇಳಿಹೋಗಿದ್ದ. ಅಂದರೆ ಒಬ್ಬರು ಮೊದಲು ಒತ್ತಬೇಕು. ತಾವೇ ಮೇಲೆ ಬಿದ್ದು ಒತ್ತಿದರೆ ವೀಳ್ಯವನ್ನು ಕೂಗುವ ಮೊದಲೇ ತಟ್ಟೆಗೆ ಕೈ ಹಾಕಿದಂತೆ; ಅದಕ್ಕಿಂತ ಕೀಳು ಇನ್ನೊಂದಿಲ್ಲ.

"ಒತ್ರಿ ಸೆಕ್ರೆಟ್ರಿಯೋರೆ," ಎಂದರು ನಾಗೇಂದ್ರಪ್ಪ, ಕೈ ಹಿಂದೆ ಕಟ್ಟಿ.

"ಛೆ ಛೆ, ಅಧ್ಯಕ್ಷರಿದ್ದಾಗ ನಾನಾ? ನೀವು ಒತ್ರಿ."

"ನೀವು ಹಳಬ್ರು."

"ನೀವು ದೊಡ್ಡೋರು."

ಇಷ್ಟು ವಿನಯ ಆ ಕೋಣೆ ಕಂಡದ್ದಿಲ್ಲ. ಊದುಬತ್ತಿ ಮುಗಿಯಿತು. ಹೊರಗಿನಿಂದ ಯಾರೋ, "ಏನ್ರಿ, ಎದ್ದೈತೋ ಇಲ್ವೋ? ಹೊತ್ತು ಏರ್ತೈತೆ!" ಎಂದು ಕೂಗಿದರು. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಗೆರೆ ಮಿನುಗುತ್ತಿತ್ತು. ಭೀಮಕ್ಕನಿಗೆ ಕೂತಲ್ಲೇ ಕಣ್ಣು ಎಳೆಯತೊಡಗಿತು.

"ಒಂದ್ ಕೆಲ್ಸ ಮಾಡಾಣ," ಎಂದರು ಕಲ್ಲೇಶಪ್ಪ ಕೊನೆಗೆ. "ಭೀಮಕ್ಕ, ನೀವೇ ಒತ್ತಿಬಿಡ್ರಿ."

ಭೀಮಕ್ಕನ ನಿದ್ದೆ ಹಾರಿತು. "ನಾನು ಮುಟ್ಟಬಾರ್ದು ಅಂತ ಅಲ್ವಾ ಸಾರ್ ಮಾತು?"

"ಅದು ಸರಿ. ಆದ್ರೆ ನೀವು ಒತ್ತಿದ್ರೆ ಯಾರಿಗೂ ಏನೂ ಅನ್ಸಲ್ಲ ನೋಡ್ರಿ. ನೀವು ಲೆಕ್ಕಕ್ಕೆ ಬರಾಕಿಲ್ಲ."

"ಒಳ್ಳೆ ಅರ್ಥದಾಗೆ ಹೇಳ್ತಿರೋದು," ಎಂದು ನಾಗೇಂದ್ರಪ್ಪ ಸೇರಿಸಿದರು. "ನೋಡ್ರಿ, ಅದಕ್ಕೇ ನಿಮ್ಮನ್ನ ಬಿಟ್ಟುಕೊಡಾಕೆ ಮನಸ್ಸು ಬರಲ್ಲ. ಓಬಣ್ಣನ್ನ ನ್ಯಾಮತಿಗೆ ಕಳಿಸಿದ್ರಾತು. ನೀವಿಲ್ಲೇ ಇರ್ರಿ, ದಿನಾ ಬಂದು ಒತ್ತಿ. ಫ್ಲಾಪಿ ಗೀಪಿ ಏನೂ ಬ್ಯಾಡ ಈಗ. ಸುಖ ಅಲ್ವಾ?"

ಇಷ್ಟು ದಿನ ತನ್ನ ವಿದ್ಯೆಗಾಗಿ ಇಟ್ಟುಕೊಂಡಿದ್ದಾರೆಂದು ಆಕೆ ತಿಳಿದಿದ್ದಳು. ವಿದ್ಯೆ ಬೇಡವಾದ ಮೇಲೂ ಬೇಕಾದಳಲ್ಲ. ಎರಡು ಬಸ್ಸು, ಸೇತುವೆಯ ಸದ್ದು, ರಟ್ಟಿನಂಥ ರೊಟ್ಟಿ, ಎಲ್ಲ ಒಮ್ಮೆ ಕಣ್ಣ ಮುಂದೆ ಬಂತು. ಕೈ ಸೆರಗಿನಿಂದ ಹೊರಗೆ ತೆಗೆಯಲಿಲ್ಲ.

"ಲೆಕ್ಕಕ್ಕೆ ಬರದೋರು ಈ ಸಂಘದಾಗೆ ನಾನೊಬ್ಳೇ ಏನ್ ಸಾರ್?" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ದುರುಗಮ್ಮಾ! ಕಸ ಗುಡಿಸೋದು ಬಿಟ್ಟು ಇಲ್ ಬಾ ಒಸಿ."

ದುರುಗಮ್ಮ ಜಗಲಿಯಿಂದ ಬಂದಳು. ಪೊರಕೆ ಕೈಯಲ್ಲೇ ಇತ್ತು. ಬಿಡಲು ಚಪ್ಪಲಿ ಇರಲಿಲ್ಲ. ಬಾಗಿಲ ಪರದೆಯಾಚೆಗಿನ ಆ ಕೋಣೆಯನ್ನು ಗುಡಿಸಿದ್ದಳೇ ಹೊರತು ಅಲ್ಲಿ ನಿಂತಿದ್ದಿಲ್ಲ.

"ಏನಕ್ಕ?"

"ಅಕೋ, ಕೆಂಪುದೊಂದು ಬಿಳೇದೊಂದು ಬಟನ್ ಐತೆ. ಒಂದು ಒತ್ತು."

"ಯಾವ್ದು?"

ಇಬ್ಬರು ದೊಡ್ಡವರೂ ಸೂರು ನೋಡಿದರು.

"ನಿನ್ನಿಷ್ಟ," ಎಂದಳು ಭೀಮಕ್ಕ.

"ನನ್ನಿಷ್ಟಾನಾ?" ದುರುಗಮ್ಮ ನಕ್ಕಳು. ಆ ಕಟ್ಟಡದಲ್ಲಿ ಯಾರೂ ಆಕೆಯ ಇಷ್ಟ ಕೇಳಿದ್ದಿಲ್ಲ. ಹಾಗಾಗಿ ಅವಸರ ಮಾಡಲಿಲ್ಲ. ಒಮ್ಮೆ ಅಧ್ಯಕ್ಷರನ್ನು ನೋಡಿದಳು, ಒಮ್ಮೆ ಕಾರ್ಯದರ್ಶಿಗಳನ್ನು. "ಇವರಿಬ್ರಾಗೆ ನಂಗೆ ಒಂದಿನಾನಾದ್ರೂ ಚಾ ಕುಡಿಸಿದೋರು ಯಾರು?" ಎಂದು ತನಗೆ ತಾನೇ ಕೇಳಿಕೊಂಡು, "ಯಾರೂ ಇಲ್ಲ ಬಿಡು," ಎಂದು, ಕಣ್ಣು ಮುಚ್ಚಿ, ಹತ್ತಿರ ಇದ್ದದ್ದನ್ನು ಪೊರಕೆಯ ಹಿಡಿಯಿಂದ ಒತ್ತಿದಳು.

ಯಂತ್ರ ಗರಗರ ಎಂದಿತು. ಬಿಳಿಯದು ಎದ್ದಿತು, ಸಾಲದ್ದು.

ಎಲ್ಲರೂ ನಾಗೇಂದ್ರಪ್ಪನವರ ಮುಖ ನೋಡಿದರು. ಅವರು ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ, ದುರುಗಮ್ಮ ಒತ್ತಿದ್ದು. ಅದು ಮರ್ಯಾದೆ ಲೆಕ್ಕ ಅಲ್ಲ," ಎಂದರು. ಕಲ್ಲೇಶಪ್ಪನವರೂ ಔದಾರ್ಯದಿಂದ ಒಪ್ಪಿದರು. ಹೊರಗೆ ರೈತರು ಚೀಲದ ಮೇಲಿಂದ ಎದ್ದರು.

ಭೀಮಕ್ಕ ಮೇಜಿನ ಕಡೆ ಕೈ ತೋರಿಸಿದಳು. ನಾಗೇಂದ್ರಪ್ಪನವರು ಪೆನ್ನು ತೆಗೆದು ಆದೇಶ ಎಳೆದುಕೊಂಡವರು ತಟ್ಟನೆ ನಿಂತರು. ಕೆಳಗೆ ಇಬ್ಬರ ಸಹಿಗೂ ಜಾಗವಿತ್ತು. ಅಧ್ಯಕ್ಷರ ಹೆಸರು ಮೇಲೆ, ಕಾರ್ಯದರ್ಶಿಗಳ ಹೆಸರು ಕೆಳಗೆ. ಕಲ್ಲೇಶಪ್ಪನವರು ಮತ್ತೆ ಕನ್ನಡಕ ತೆಗೆಯುತ್ತಿದ್ದರು.

"ಅದರ ಕೆಳಗೆ ಇನ್ನೊಂದು ಪ್ರತಿ ಐತೆ ಸಾರ್," ಎಂದಳು ಭೀಮಕ್ಕ. "ಅದ್ರಾಗೆ ಸೆಕ್ರೆಟ್ರಿ ಸಾಹೇಬ್ರ ಹೆಸ್ರು ಮೇಲೈತೆ. ಇಬ್ರೂ ಒಂದೇ ಕಿತ ಹಾಕಿ, ಆಮೇಲೆ ಅದಲು ಬದಲು ಮಾಡ್ಕಳಿ."

ಎರಡು ಪೆನ್ನು ಒಟ್ಟಿಗೆ ಕರಕರ ಎಂದವು.

ಆಮೇಲಿನದು ಹೆಚ್ಚಿಲ್ಲ. ಸಂಘದಲ್ಲಿ ಯಂತ್ರ ಎಬ್ಬಿಸುವ ಕೆಲಸ ದುರುಗಮ್ಮನದಾಯಿತು. ಆಕೆ ಮಾತ್ರ ಹಿಂದಿನಂತೆ ಬೇಗ ಬರುವುದನ್ನು ಬಿಟ್ಟಳು. ಚಾ ಕುಡಿದಾದ ಮೇಲೆ, ಅದೂ ತಂದುಕೊಟ್ಟ ಚಾ, ನಿಧಾನಕ್ಕೆ ಒಳಗೆ ಹೋಗುವಳು. ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಒಂದೇ ಬೆಂಚಿನ ಮೇಲೆ ಕೂತು ಆಕೆಯ ದಾರಿ ಕಾಯುವುದನ್ನು ನಾವೆಲ್ಲ ನೋಡಿದ್ದೇವೆ. ಓಬಣ್ಣ ಜಗಳೂರಿನಲ್ಲಿ ಕಟ್ಟಿದ ಪೆಟ್ಟಿಗೆ ಬಿಚ್ಚಿದ.

ಭೀಮಕ್ಕ ನ್ಯಾಮತಿ ಶಾಖೆಗೆ ಸೇರಿದ ಮೊದಲ ದಿನ, ಮಧ್ಯಾಹ್ನ ಊಟಕ್ಕೆಂದು ಬಾಗಿಲು ಹಾಕಿ ಮನೆಗೆ ನಡೆದಳು. ಗಂಡ ಚಿಕ್ಕಹನುಮಂತಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಆಕೆಯನ್ನು ನೋಡಿ ಗಾಬರಿಯಿಂದ ಎದ್ದ.

"ಏನೇ, ಜ್ವರ ಬಂತಾ?"

"ಊಟಕ್ಕೆ ಬಂದೀನಿ."

"ಈ ಹೊತ್ನಾಗಾ?" ಒಲೆಯ ಕಡೆ ನೋಡಿದ. ಇಷ್ಟು ವರ್ಷ ಆ ಹೊತ್ತಿಗೆ ಆ ಮನೆಯಲ್ಲಿ ಯಾರೂ ಒಲೆ ಹಚ್ಚಿದ್ದಿಲ್ಲ. ಬೆಳಗಿನ ರೊಟ್ಟಿಯನ್ನೇ ಮಜ್ಜಿಗೆಗೆ ಅದ್ದಿ ತಿನ್ನುವುದು ಆತನ ರೂಢಿ. "ಬಿಸಿ ಮಾಡು ಅಂತೀಯೇನೋ. ಕಟ್ಟಿಗೆ ಹಸಿ ಐತೆ."

"ಬ್ಯಾಡ ಬಿಡು. ಹಂಗೇ ಕೊಡು."

ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಒಂದು ತುಂಡು ಮುರಿದಳು. ಅಭ್ಯಾಸಬಲದಿಂದ ಎಡಗೈ ಬಸ್ಸಿನ ಕಂಬಿ ಹುಡುಕಿ ಮೇಲೆ ಹೋಯಿತು. ಅಲ್ಲಿ ಕಂಬಿ ಇರಲಿಲ್ಲ, ಕೈ ಸುಮ್ಮನೆ ಮಡಿಲಿಗೆ ಬಂತು. ರೊಟ್ಟಿ ತಣ್ಣಗಿತ್ತು, ರಟ್ಟಿನಂತೆಯೇ ಇತ್ತು. ಆದರೆ ಅಲುಗಾಡುತ್ತಿರಲಿಲ್ಲ.